ನಡುವಿನ ಮರಗಳು

ಕತ್ತರಿಯಕ್ಕ ಬೆಳಗ್ಗೆ ಕೆಲಸಕ್ಕೆ ಬಂದು ನೋಡಿದರೆ, ಹಿಂದಿನ ದಿನವೆಲ್ಲ ಬಗ್ಗಿ ಬಗ್ಗಿ ಮರಗಳ ಬುಡಕ್ಕೆ ತಾನು ಬಳಿದಿದ್ದ ಸುಣ್ಣದ ಪಟ್ಟಿಗಳನ್ನು ಯಾರೋ ತೊಳೆದು ಹಾಕಿದ್ದರು. ತೊಳೆದವರು ಕಾಟಾಚಾರಕ್ಕೆ ತೊಳೆದಿರಲಿಲ್ಲ, ಬ್ರಷ್ಷು ಹಾಕಿ ಉಜ್ಜಿದ್ದರು. ಮಗುವಿನ ಕತ್ತಿನ ಮಡಿಕೆಯಲ್ಲಿ ಪೌಡರು ಉಳಿಯುವ ಹಾಗೆ ತೊಗಟೆಯ ಸಂದುಗಳಲ್ಲಿ ಮಾತ್ರ ಒಂದಿಷ್ಟು ಬಿಳಿ ಉಳಿದಿತ್ತು.

ದಾರಿಯ ಕೊನೆಯ ಬೆಂಚಿನ ಕೆಳಗೆ ಬಕೆಟ್ಟು ಸಿಕ್ಕಿತು. ನೀಲಿ ಬಕೆಟ್ಟು. ಹಿಡಿ ಕೈಗೆ ಒತ್ತದಿರಲೆಂದು ಅದಕ್ಕೆ ಹಳೆಯ ಲಂಗದ ಅಂಚು ಸುತ್ತಿತ್ತು. ಆ ಅಂಚನ್ನು ಸುತ್ತಿದವಳು ಸ್ವತಃ ಕತ್ತರಿಯಕ್ಕ, ತನ್ನ ಮನೆಯ ಬಚ್ಚಲಲ್ಲಿ ನಿಂತು.

"ಅತ್ತೆ," ಎಂದಳು, ಹಲ್ಲು ಕಚ್ಚಿಕೊಂಡು.

ಮರ ಹತ್ತುವವನು ಏಣಿ ಹೊತ್ತುಕೊಂಡು ಹಿಂದೆಯೇ ಬಂದಿದ್ದ. "ಏನಕ್ಕಾ?" ಎಂದ.

"ಏನಿಲ್ಲ. ನಮ್ಮನೆ ಬಕೆಟ್ಟು ವಾಕಿಂಗಿಗೆ ಬಂದಿದೆ."

ಉದ್ಯಾನದ ಮಾಲಿಗಳಿಗೆಲ್ಲ ಹಿರಿಯಳಾದ ಆಕೆಗೆ ಕತ್ತರಿಯಕ್ಕ ಎಂಬ ಹೆಸರು ಬಂದದ್ದು ಯಾವಾಗಲೂ ಸೊಂಟದಲ್ಲಿರುವ ಗಿಡ ಸವರುವ ಕತ್ತರಿಯಿಂದ. ಕೋಪ ಮಾತ್ರ ಹುಟ್ಟುವಾಗಲೇ ತಂದದ್ದು. ಅದು ಮೂಗಿನ ತುದಿಯಲ್ಲೇ ಇರುತ್ತದೆ, ಒಂದು ಸೀನು ಬಂದರೆ ಸಾಕು, ಹೊರಗೆ. ಆದರೆ ಈ ಸಾಲುಮರದ ದಾರಿಯ ವಿಷಯದಲ್ಲಿ ಆಕೆ ನುಂಗಿಕೊಂಡಷ್ಟು ಕೋಪವನ್ನು ಬೇರೆ ಯಾವುದರಲ್ಲೂ ನುಂಗಿರಲಿಲ್ಲ.

ಆ ದಾರಿ ಉದ್ಯಾನದ ದೊಡ್ಡ ಗೇಟಿನಿಂದ ಕೊಳದವರೆಗೆ ನೂಲು ಹಿಡಿದಂತೆ ನೇರ ಹೋಗುತ್ತದೆ. ಎರಡೂ ಬದಿಗೆ ಒಂದೇ ಜಾತಿಯ ಮರ, ಒಂದೇ ವಯಸ್ಸಿನವು. ಕತ್ತರಿಯಕ್ಕ ಹೊಸ ಮದುಮಗಳಾಗಿ ಇಲ್ಲಿ ಕೆಲಸಕ್ಕೆ ಸೇರಿದಾಗ ಅಲ್ಲಿದ್ದದ್ದು ಬರೀ ಬಯಲು. ನಕ್ಷೆ ಬರೆದವನು ಮಾತು ಕಡಿಮೆಯ ಒಬ್ಬ ಮುದುಕ. ಗುಂಡಿ ತೋಡುವವರನ್ನೆಲ್ಲ ನೆರಳಿಲ್ಲದ ಆ ಬಯಲಲ್ಲೇ ಕೂರಿಸಿಕೊಂಡು ಹೇಳಿದ್ದ: "ದೂರ ದೂರ ನೆಟ್ಟರೆ ಇವತ್ತು ಹುಟ್ಟಿದ ಮಗು ಕಾಲೇಜಿಗೆ ಹೋಗೋವರೆಗೂ ಇಲ್ಲಿ ನೆರಳಿರಲ್ಲ. ಅದಕ್ಕೆ ಹತ್ತಿರ ಹತ್ತಿರ ನೆಡೋಣ. ಕೊಂಬೆಗೆ ಕೊಂಬೆ ತಾಗಿದ ವರ್ಷ ಒಂದು ಬಿಟ್ಟು ಒಂದನ್ನ ತೆಗೆದುಬಿಡಿ. ಅಯ್ಯೋ ಪಾಪ ಅಂತ ಬಿಟ್ಟರೆ ಎಲ್ಲವೂ ಕೆಡುತ್ತೆ."

ಹೀಗೆ ಅಂದಿನಿಂದಲೇ ಸಾಲಿನಲ್ಲಿ ಎರಡು ಬಗೆ. ಕೊನೆತನಕ ಇರಬೇಕಾದವು ನಿಲ್ಲುವ ಮರಗಳು. ಅವು ದೊಡ್ಡದಾಗುವವರೆಗೆ ನೆರಳು ಕೊಟ್ಟು ಹೋಗಬೇಕಾದವು ನಡುವಿನ ಮರಗಳು. ನೀರು ಒಂದೇ, ಗೊಬ್ಬರ ಒಂದೇ. ನಿಲ್ಲುವವಕ್ಕೆ ಮಾತ್ರ ಕತ್ತರಿಯಕ್ಕ ವರ್ಷ ವರ್ಷವೂ ಕತ್ತರಿ ಹಾಕಿ, ದಾರಿಯ ಮೇಲೆ ಕಮಾನಿನಂತೆ ಬಾಗುವ ಹಾಗೆ ಕೊಂಬೆಗಳನ್ನು ತಿದ್ದಿದಳು. ನಡುವಿನವನ್ನು ಅವುಗಳ ಪಾಡಿಗೆ ಬಿಟ್ಟಳು. ನೆಂಟರ ಮಕ್ಕಳಿಗೆ ಊಟ ಹಾಕುತ್ತೇವೆ, ತಲೆ ಸವರುತ್ತೇವೆ, ಆದರೆ ಅವರ ಕಾಗುಣಿತ ತಿದ್ದಲು ಕೂರುವುದಿಲ್ಲವಲ್ಲ, ಹಾಗೆ.

ಕೊಂಬೆಗೆ ಕೊಂಬೆ ತಾಗಿದ ವರ್ಷ ಬಂತು, ಹೋಯಿತು. ಮುದುಕ ಎಲ್ಲಿಗೋ ಹೊರಟುಹೋಗಿದ್ದ. ಸೂಪರಿಂಟೆಂಡೆಂಟರು ಒಬ್ಬರಾದ ಮೇಲೆ ಒಬ್ಬರು ಬಂದರು. ಬಂದವರೆಲ್ಲ ಈಕೆಯ ಮಾತಿಗೆ ತಲೆದೂಗಿದರು, ಮುಂದಿನ ವರ್ಷ ನೋಡೋಣ ಎಂದರು, ವರ್ಗವಾಗಿ ಹೋದರು. ಅಷ್ಟರಲ್ಲಿ ಜನ ಆ ನೆರಳಿಗೆ ಒಗ್ಗಿಕೊಂಡರು. ಬೆಳಗಿನ ನಡಿಗೆಯವರು ಒಂದು ಸಂಘ ಕಟ್ಟಿದರು. ಸಂಘದವರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಒಂದು ಮರ ಆರಿಸಿ, ಹೋದವರ ಹೆಸರು ಬರೆಸಿದ ಪುಟ್ಟ ತಗಡನ್ನು ತಂತಿಯಿಂದ ಕಟ್ಟುವುದು ವಾಡಿಕೆಯಾಯಿತು. ಯಾವುದು ನಿಲ್ಲುವ ಮರ, ಯಾವುದು ನಡುವಿನದು ಎಂದು ಕಟ್ಟುವವರು ಯಾರೂ ಕೇಳಲಿಲ್ಲ. ಅಳುತ್ತ ಬಂದವರಿಗೆ, ಇದಲ್ಲಮ್ಮ, ಆ ಪಕ್ಕದ್ದು ಎಂದು ಹೇಳುವ ಬಾಯಿ ಕತ್ತರಿಯಕ್ಕನಿಗೂ ಇರಲಿಲ್ಲ.

ಈಗ ಆ ದಾರಿಯಲ್ಲಿ ನಡುಹಗಲಿಗೂ ಮಬ್ಬು. ಮರಗಳು ಬೆಳಕಿಗಾಗಿ ಒಂದನ್ನೊಂದು ಭುಜದಲ್ಲಿ ನೂಕಿಕೊಂಡು ಕೋಲಿನಂತೆ ಮೇಲಕ್ಕೆ ಹೋಗಿದ್ದವು. ಅವಳು ತಿದ್ದಿದ ಕೊಂಬೆಗಳು ಒಂದೊಂದಾಗಿ ಒಣಗುತ್ತಿದ್ದವು. ಕೆಳಗೆ ಹುಲ್ಲಿಲ್ಲ, ಕಲ್ಲುಹಾಸಿನ ಮೇಲೆ ಪಾಚಿ. ಕಳೆದ ಮಳೆಗಾಲದಲ್ಲಿ ತೊಡೆಗಾತ್ರದ ಒಣಕೊಂಬೆಯೊಂದು ಮುರಿದು ಬೆಂಚಿನ ಮೇಲೆ ಬಿತ್ತು. ಮಗುವಿಗೆ ಹಾಲು ಕುಡಿಸಿ, ಬೆನ್ನು ತಟ್ಟಿ, ತಳ್ಳುಗಾಡಿಯಲ್ಲಿ ಮಲಗಿಸಿ ಒಬ್ಬಳು ತಾಯಿ ಆಗಷ್ಟೇ ಆ ಬೆಂಚಿನಿಂದ ಎದ್ದುಹೋಗಿದ್ದಳು. ಆ ಮಗು ಇನ್ನೆರಡು ಗುಟುಕು ಹೆಚ್ಚು ಕುಡಿದಿದ್ದರೆ ಎಂದು ನೆನೆದಾಗಲೆಲ್ಲ ಕತ್ತರಿಯಕ್ಕನ ಕೈ ತಣ್ಣಗಾಗುತ್ತಿತ್ತು, ತಲೆ ಬಿಸಿಯಾಗುತ್ತಿತ್ತು. ಈ ಸಲ ಸೂಪರಿಂಟೆಂಡೆಂಟರ ಮೇಜಿನ ಮುಂದೆ ನಿಂತು, ಆ ಕೊಂಬೆಯ ತುಂಡನ್ನೇ ಮೇಜಿನ ಮೇಲಿಟ್ಟು, ಹೂಂ ಅನ್ನಿಸಿಕೊಂಡೇ ಹೊರಗೆ ಬಂದಿದ್ದಳು. ಹೋಗಬೇಕಾದ ಮರಗಳಿಗೆ ಸುಣ್ಣದ ಗುರುತು ಹಾಕಿದ್ದಳು.

ಆ ಗುರುತನ್ನು ತೊಳೆದದ್ದು ಸಂಘದವರೊಡನೆ ದಿನವೂ ಇಲ್ಲಿ ನಡೆಯುವ ಅವಳ ಸ್ವಂತ ಅತ್ತೆ. ಯಾಕೆಂದರೆ ತೀರಿಕೊಂಡ ಮಾವನ ಹೆಸರಿನ ತಗಡು ಇದ್ದದ್ದು ಒಂದು ನಡುವಿನ ಮರದ ಮೇಲೆ.

*

ಸಂಜೆ ಮನೆಗೆ ಹೋದಾಗ ಅತ್ತೆ ಬಟಾಣಿ ಬಿಡಿಸುತ್ತಿದ್ದರು. ಗಂಡ ಶಾಲೆಯ ವ್ಯಾನು ನಿಲ್ಲಿಸಿ ಬಂದು ಕಾಲು ಚಾಚಿ ಕೂತಿದ್ದ.

"ಅತ್ತೆ, ಬಕೆಟ್ಟೆಲ್ಲಿ?"

"ಯಾವ ಬಕೆಟ್ಟು?"

"ನೀಲಿದು."

"ನಾನೇನು ಬಕೆಟ್ಟಿಗೆ ಕಾವಲಾ?"

ಕತ್ತರಿಯಕ್ಕ ಬೆನ್ನ ಹಿಂದೆ ಹಿಡಿದಿದ್ದ ಬಕೆಟ್ಟನ್ನು ನಡುಮನೆಯಲ್ಲಿ ಕುಕ್ಕಿದಳು. ಅತ್ತೆ ಅದನ್ನು ಒಮ್ಮೆ ನೋಡಿ, ಮತ್ತೊಂದು ಬಟಾಣಿ ಸಿಪ್ಪೆ ಬಿಡಿಸಿದರು.

"ಸಿಕ್ತಲ್ಲ. ಮತ್ತೆ ಕೇಳೋದೇನು."

"ನಾನು ಕೆಲಸ ಮಾಡೋ ಜಾಗ ಅದು. ಎಲ್ಲರ ಮುಂದೆ ನನ್ನ ಮರ್ಯಾದೆ ಏನಾಗ್ಬೇಕು?"

"ಮರ್ಯಾದೆ ಅಂತೆ. ಕೊಲ್ಲೋ ಗುರುತು ಹಾಕಿದ್ದೆ, ತೊಳೆದೆ. ಬೇಕಾದ್ರೆ ಪೊಲೀಸಿಗೆ ಹೇಳಿ ನನ್ನ ಒಳಗೆ ಹಾಕಿಸು. ಊಟ ಹೊತ್ಕೊಂಡು ಬರೋಳು ಹೇಗಿದ್ರೂ ನೀನೇ."

ಗಂಡ ಮೆಲ್ಲಗೆ ಎದ್ದ. "ನಾನು ವ್ಯಾನು ತೊಳ್ಕೊಂಡು ಬರ್ತೀನಿ."

"ಬಕೆಟ್ಟು ಇಲ್ಲೇ ಇದೆ, ತಗೊಂಡು ಹೋಗಿ," ಎಂದಳು ಕತ್ತರಿಯಕ್ಕ.

"ಬ್ರಷ್ಷು ಬಾಗಿಲ ಹಿಂದಿದೆ," ಎಂದರು ಅತ್ತೆ.

ಅವನು ಎರಡನ್ನೂ ಹಿಡಿದುಕೊಂಡು ಬಾಗಿಲಲ್ಲೇ ನಿಂತ. ಹೆಂಡತಿಯ ಕಡೆ ಹೋದರೆ ತಾಯಿ, ತಾಯಿಯ ಕಡೆ ಹೋದರೆ ಹೆಂಡತಿ. ಆ ಮನೆಯಲ್ಲಿ ಅವನಿಗೆ ಸುರಕ್ಷಿತವಾದ ಜಾಗ ವ್ಯಾನಿನ ಡ್ರೈವರ್ ಸೀಟೊಂದೇ.

"ಅತ್ತೆ, ಇಷ್ಟು ವರ್ಷದಿಂದ ಹೇಳ್ತಾನೇ ಇದ್ದೀನಿ. ಆ ಮರ ಇರೋಕೆ ನೆಟ್ಟಿದ್ದಲ್ಲ."

"ಅದರ ಮೇಲೆ ನಿನ್ನ ಮಾವನ ಹೆಸರಿದೆ."

"ಹೆಸರಿರೋದು ತಗಡಿನ ಮೇಲೆ."

ಆಡಿದ ಮೇಲೆ ಕತ್ತರಿಯಕ್ಕ ನಾಲಿಗೆ ಕಚ್ಚಿಕೊಂಡಳು. ಅತ್ತೆ ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟು, ಮಡಿಲಿನ ಸಿಪ್ಪೆ ಕೊಡವಿ, ಎದ್ದು ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡರು.

ಆ ಮಾತು ಹೇಳಬಾರದಿತ್ತು ಎಂದು ಗೊತ್ತಿತ್ತು. ಹೇಳಿದ್ದು ಸುಳ್ಳಲ್ಲ ಎಂದೂ ಗೊತ್ತಿತ್ತು. ಎರಡೂ ಸೇರಿ ಸಿಟ್ಟು ಇಮ್ಮಡಿಯಾಯಿತು. ಮಾವ ಅತ್ತೆಯೊಬ್ಬರಿಗೇ ಸೇರಿದವರೇ? ಬೀಗ ರಿಪೇರಿಯ ಅಂಗಡಿ ಅವರದು. ಅವಳ ಮೊದಲ ಕತ್ತರಿಯನ್ನು ಅರದಿಂದ ಉಜ್ಜಿ, ಹೆಬ್ಬೆರಳಿನ ಉಗುರ ಮೇಲೆ ಅಲಗು ಆಡಿಸಿ ನೋಡಿ, "ತಗೋ, ಈಗ ಇದು ನಿನ್ನ ಬಾಯಿಗೆ ಸರಿಸಮ ಆಯ್ತು," ಎಂದು ಕೊಟ್ಟವರು. ಸೊಸೆ ಹೊರಗೆ ಗಂಡಸರ ಜೊತೆ ಮರ ಹತ್ತುತ್ತಾಳೆ ಎಂದು ನೆಂಟರು ಮೂಗು ಮುರಿದಾಗ, "ನಮ್ಮನೆ ಕೀಲಿಕೈ ಅವಳ ಹತ್ರ ಇದೆ, ನಿಮ್ಮದನ್ನ ನೀವು ನೋಡ್ಕೊಳ್ಳಿ," ಎಂದವರು. ಆ ತಗಡಿನ ಮುಂದೆ ನಿಂತು ಅಳಲು ಅವಳಿಗೆ ಪುರುಸೊತ್ತು ಇರಲಿಲ್ಲ, ಅಷ್ಟೇ. ಅಳದವರಿಗೆ ದುಃಖವಿಲ್ಲ ಎಂದು ಈ ಮನೆಯಲ್ಲಿ ತೀರ್ಮಾನವಾಗಿತ್ತು.

ಮರುದಿನದಿಂದ ಮನೆಯಲ್ಲಿ ಮಾತು ಗಂಡನ ಮೂಲಕ ನಡೆಯತೊಡಗಿತು. ಮೂವರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವಾಗ ಅತ್ತೆ, "ಸಾರಿಗೆ ಉಪ್ಪು ಕಡಿಮೆ ಅಂತ ಅವಳಿಗೆ ಹೇಳು," ಎನ್ನುವರು. "ಉಪ್ಪಿನ ಡಬ್ಬಿ ಅವರ ಕೈಗೇ ಸಿಗೋ ಹಾಗಿದೆ ಅಂತ ಹೇಳಿ," ಎಂದು ಇವಳು. ಅವನು ಇಬ್ಬರಿಗೂ ಏನೂ ಹೇಳದೆ ಉಪ್ಪಿನ ಡಬ್ಬಿ ದಾಟಿಸುತ್ತಿದ್ದ.

*

ಸಂಘದ ಅಧ್ಯಕ್ಷರು ಸೂಪರಿಂಟೆಂಡೆಂಟರ ಕೋಣೆಗೆ ಬಂದದ್ದು ಆ ವಾರವೇ. ಶಾಲೆಗಳ ತನಿಖಾಧಿಕಾರಿಯಾಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಅಂಗಿ, ಬಿಳಿ ಬೂಟು, ಕುಳಿತಲ್ಲೂ ನಿಂತಂತೆ ಕಾಣುವ ಬೆನ್ನು. ಅವರ ಹೆಂಡತಿಯ ಹೆಸರಿನ ತಗಡೂ ಒಂದು ನಡುವಿನ ಮರದ ಮೇಲೆಯೇ ಇತ್ತು, ಮಾವನ ಮರದಿಂದ ಅಷ್ಟು ದೂರವಿಲ್ಲ.

"ಜೀವ ಇರೋ ಮರ ಕಡಿಯೋದಕ್ಕೆ ನಮ್ಮ ಸಂಘದ ಒಬ್ಬ ಸದಸ್ಯನೂ ಒಪ್ಪಲ್ಲ," ಎಂದರು. "ಇವರ ಮನೆಯವರೇ ಒಪ್ಪಿಲ್ಲ. ಸ್ವಂತ ಅತ್ತೆ."

"ನನ್ನ ಅತ್ತೆ ವಿಷಯ ನಮ್ಮನೇಲಿ ಇರಲಿ ಸಾರ್," ಎಂದಳು ಕತ್ತರಿಯಕ್ಕ. "ಅಲ್ಲಿ ಮರಗಳಿಗೆ ಒಂದೇ ಕಂಬಳಿ, ಮಲಗೋರು ಇಬ್ಬರು. ಎಳೆದಾಡಿ ಇಬ್ಬರಿಗೂ ಜ್ವರ ಬಂದಿದೆ. ಇದು ಮರ ಕಡಿಯೋ ಮಾತಲ್ಲ, ಮರ ಉಳಿಸೋ ಮಾತು."

"ಕಡಿದು ಉಳಿಸೋದು. ಚೆನ್ನಾಗಿದೆ."

"ನಿಮ್ಮ ಮೊಮ್ಮಗನಿಗೆ ಕೂದಲು ಕತ್ತರಿಸ್ತೀರಲ್ಲ, ಕಿವಿ ಉಳಿಸ್ಕೊಂಡೇ ತಾನೇ?"

ಸೂಪರಿಂಟೆಂಡೆಂಟರು ನಗು ತಡೆಯಲು ನೀರು ಕುಡಿದರು. ಪಾಪದ ಮನುಷ್ಯ. ಬಿಸಿ ಬಾಣಲೆಯ ಮೇಲೆ ಕೂರಿಸಿದಂತೆ ಎರಡೂ ಕಡೆ ಜರುಗುತ್ತಿದ್ದರು. ಹಳೆಯ ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದರು. ನಿಲ್ಲುವ ಮರಗಳಿಗೆ ತುಂಬಿದ ಚುಕ್ಕೆ, ನಡುವಿನವಕ್ಕೆ ಬರೀ ಸುತ್ತು. ಅಧ್ಯಕ್ಷರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಕೊಳ ಯಾವ ಕಡೆ, ಕಲ್ಲಿನ ಬೆಂಚು ಯಾವ ಕಡೆ ಎಂದು ಕೇಳಿದರು. ಬೆರಳಿಟ್ಟು ಎಣಿಸಿದರು. ಆಮೇಲೆ ಕನ್ನಡಕ ಮಡಿಚಿ, "ನಮ್ಮ ನಿಲುವು ಬದಲಾಗಲ್ಲ," ಎಂದು ಎದ್ದರು.

ಅವರು ಹೋದ ಮೇಲೆ ಸೂಪರಿಂಟೆಂಡೆಂಟರು, "ನಾನು ನಿನ್ನ ಕಡೆಯೇ ಕಣಮ್ಮ," ಎಂದರು.

"ಹಾಗಿದ್ರೆ ಈ ಕಡೆ ಬಂದು ನಿಂತ್ಕೊಳ್ಳಿ ಸಾರ್. ಆ ಕಡೆ ಕೂತ್ಕೊಂಡು ಹೇಳಿದ್ರೆ ನಂಗೆ ಕೇಳಿಸಲ್ಲ."

"ಗಲಾಟೆ ಆದ್ರೆ ಪತ್ರಿಕೆಯವರು ಬರ್ತಾರೆ. ನೋಡು, ಮರ ಇಳಿಸೋ ತಂಡ ಶನಿವಾರದವರೆಗೂ ಇಲ್ಲಿರುತ್ತೆ. ಸಂಘದವರು ಅಷ್ಟರಲ್ಲಿ ಹೂಂ ಅಂದ್ರೆ ಸರಿ. ಇಲ್ಲದಿದ್ರೆ ಅವರು ಬೇರೆ ಕೆಲಸಕ್ಕೆ ಹೋಗ್ತಾರೆ. ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ. ಆ ಎರಡು ಪದ ಕೇಳಿ ಕತ್ತರಿಯಕ್ಕನ ಮೈಯೆಲ್ಲ ಉರಿಯಿತು. ಮುಂದಿನ ವರ್ಷಕ್ಕೆ ನಿಲ್ಲುವ ಮರಗಳಲ್ಲಿ ಅವಳು ತಿದ್ದಿದ ಕೊಂಬೆ ಒಂದೂ ಉಳಿಯುವುದಿಲ್ಲ. ಕೆಳಗಿನ ಕೊಂಬೆ ಒಮ್ಮೆ ಒಣಗಿತೆಂದರೆ ಆ ಜಾಗದಲ್ಲಿ ಮರ ಮತ್ತೆ ಚಿಗುರುವುದಿಲ್ಲ. ಆಮೇಲೆ ನಡುವಿನವನ್ನು ತೆಗೆದರೂ ಸಿಗುವುದು ಎರಡು ಸಾಲು ಕಂಬ, ನೆತ್ತಿಯ ಮೇಲೊಂದು ಪೊರಕೆ. ಅವಳ ಹರೆಯವೆಲ್ಲ ಏಣಿಯ ಮೇಲೆ ಕಳೆದದ್ದು ಈ ಪೊರಕೆಗಳಿಗಾಗಿ.

ಕೋಣೆಯಿಂದ ಹೊರಬಂದು ಹಗ್ಗ ಸುತ್ತುತ್ತಿದ್ದ ಮರ ಹತ್ತುವವನ ಮೇಲೆ ಹರಿಹಾಯ್ದಳು. "ಹಗ್ಗ ಸುತ್ತೋದು ಹೀಗಾ? ಹೆಂಡತಿ ಜಡೆ ಹಾಕೋದು ನೋಡಿಲ್ವಾ ನೀನು?"

"ಅವಳು ಕತ್ತರಿಸ್ಕೊಂಡಿದ್ದಾಳೆ ಅಕ್ಕಾ," ಎಂದ ಅವನು ತಣ್ಣಗೆ. "ಒಂದು ಮಾತು ಹೇಳ್ಲಾ? ನಿಮ್ಮ ಮಾವನವರದ್ದೊಂದು ಬಿಟ್ಟುಬಿಡಿ. ಅಜ್ಜಿ ಸುಮ್ಮನಾಗ್ತಾರೆ."

"ಅದೊಂದು ಬಿಟ್ಟರೆ ಉಳಿದವರಿಗೆ ಏನು ಹೇಳ್ಲಿ? ನಮ್ಮನೆ ಸತ್ತೋರು ದೊಡ್ಡೋರು, ನಿಮ್ಮನೆ ಸತ್ತೋರು ಚಿಕ್ಕೋರು ಅಂತಾನಾ?"

ಅವನಿಗೆ ಹೇಳಿದ್ದು ಅರ್ಧ. ಆ ಸಲಹೆ ಅವಳಿಗೆ ಮೊದಲೇ ಹೊಳೆದಿತ್ತು. ಹೋಗಿ ಮಾವನ ಮರವನ್ನು ಬುಡದಿಂದ ತುದಿಯವರೆಗೆ ನೋಡಿಯೂ ಬಂದಿದ್ದಳು. ಎಲ್ಲ ನಡುವಿನ ಮರಗಳಲ್ಲಿ ಕೊಬ್ಬಿ ಬೆಳೆದದ್ದು ಅದೇ. ಅದರ ಎಡಕ್ಕೂ ಬಲಕ್ಕೂ ಇದ್ದ ನಿಲ್ಲುವ ಮರಗಳೇ ಎಲ್ಲಕ್ಕಿಂತ ಹೆಚ್ಚು ಸೊರಗಿದ್ದವು. ಯಾವುದನ್ನು ಬಿಟ್ಟರೂ ಅದನ್ನು ಬಿಡುವಂತಿರಲಿಲ್ಲ.

*

ಶುಕ್ರವಾರ ಬೆಳಗ್ಗೆ ಕತ್ತರಿಯಕ್ಕ ಸಾಮಾನಿನ ಷೆಡ್ಡಿನಲ್ಲಿ ಕತ್ತರಿ ಮಸೆಯುತ್ತಿದ್ದಳು. ಆ ಸದ್ದಿನಲ್ಲಿ ಬಾಗಿಲಿಗೆ ಯಾರೋ ಬಂದದ್ದು ಗೊತ್ತಾಗಲಿಲ್ಲ.

"ಏಳು. ಬಾ ನನ್ನ ಜೊತೆ."

ಅತ್ತೆ. ನಡಿಗೆಯ ಬೂಟು, ಹೆಗಲಲ್ಲಿ ಬಟ್ಟೆಯ ಚೀಲ. ಇಷ್ಟು ದಿನಗಳ ಮೇಲೆ ನೇರವಾಗಿ ಆಡಿದ ಮೊದಲ ಮಾತು. ಕತ್ತರಿಯಕ್ಕ ಕತ್ತರಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆ ನಡೆದಳು. ಸದಾ ಮಂಡಿನೋವೆನ್ನುವ ಅತ್ತೆ ಇವತ್ತು ಸರಸರ ನಡೆಯುತ್ತಿದ್ದರು.

ಕಲ್ಲಿನ ಬೆಂಚಿನ ಹತ್ತಿರ ಒಂದು ನಡುವಿನ ಮರದ ಮುಂದೆ ನಿಂತರು. "ಇದು ಯಾರ ಮರ?"

"ಅಧ್ಯಕ್ಷರ ಹೆಂಡತಿದು."

"ತಗಡೆಲ್ಲಿ?"

ತಗಡಿರಲಿಲ್ಲ. ಅದನ್ನು ಕಟ್ಟಿದ್ದ ತಂತಿ ವರ್ಷಗಟ್ಟಲೆ ಒತ್ತಿ ತೊಗಟೆಯಲ್ಲಿ ಬಿದ್ದ ಗೆರೆ ಮಾತ್ರ ಇತ್ತು, ಉಂಗುರ ಕಳಚಿದ ಬೆರಳಿನ ಹಾಗೆ.

"ದಿನಾ ಅದನ್ನ ಒರೆಸಿ ಮುಂದೆ ಹೋಗೋಳು ನಾನು," ಎಂದರು ಅತ್ತೆ. "ಅವಳೂ ನಾನೂ ಒಟ್ಟಿಗೆ ನಡೀತಿದ್ವಿ. ಇವತ್ತು ಒರೆಸೋಕೆ ಹೋದ್ರೆ ಇಲ್ಲ. ಯಾರೋ ಕದ್ದರು ಅಂದ್ಕೊಂಡೆ. ಹುಡುಕ್ಕೊಂಡು ಹೋದೆ. ಈಗ ಈ ಕಡೆ ಬಾ."

ಎದುರು ಸಾಲಿನಲ್ಲಿ, ಕೊಳದ ಕಡೆಗೆ, ಒಂದು ನಿಲ್ಲುವ ಮರದ ಮೇಲೆ ಆ ತಗಡು ಹೊಳೆಯುತ್ತಿತ್ತು. ಹೊಸ ತಂತಿ. ತಂತಿ ಒತ್ತದಿರಲೆಂದು ಒಳಗೆ ಸೈಕಲ್ ಟ್ಯೂಬಿನ ತುಂಡು ಬೇರೆ. ಆಸ್ಥೆಯಿಂದ ಮಾಡಿದ ಕೆಲಸ.

ಕತ್ತರಿಯಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನಕ್ಷೆಯ ಮೇಲೆ ಓಡಾಡಿದ ಆ ಬೆರಳು ಎಣಿಸಿದ್ದು ಇದನ್ನು. ಮನುಷ್ಯನಿಗೆ ಎಲ್ಲ ತಿಳಿದಿದೆ. ಮರ ಹೋಗಲೇಬೇಕು ಎಂದೂ, ಇಂದಲ್ಲ ನಾಳೆ ಹೋಗುತ್ತದೆ ಎಂದೂ ತಿಳಿದು, ತನ್ನ ಹೆಂಡತಿಯನ್ನು ಮೊದಲು ಸುರಕ್ಷಿತ ಜಾಗಕ್ಕೆ ಸಾಗಿಸಿದ್ದಾರೆ. ಆಮೇಲೆ ಮಿಕ್ಕವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಪ್ಪಲ್ಲ ಎಂದು ಕೂಗಿಸುತ್ತಿದ್ದಾರೆ.

"ಆ ಸುಣ್ಣ ತೊಳೆಯೋಕೆ ನನಗೆ ಹೇಳಿದ್ದು ಯಾರು ಗೊತ್ತಾ?" ಎಂದರು ಅತ್ತೆ. "ಈ ಅಧ್ಯಕ್ಷನೇ. ಅಮ್ಮಾ, ನೀವು ಅವಳ ಅತ್ತೆ, ನಿಮ್ಮನ್ನ ಯಾರೂ ಕೇಳಲ್ಲ ಅಂದ. ನಾನು ಮಂಡಿ ಊರಿ ಒಂದೊಂದು ಮರ ತೊಳೆದೆ."

ಕತ್ತರಿಯಕ್ಕನ ಬಾಯಿಗೆ ಬಂದದ್ದು ಒಂದೆರಡಲ್ಲ. ಆದರೆ ಅತ್ತೆಯ ಮುಖ ನೋಡಿ ನುಂಗಿಕೊಂಡಳು.

"ನೀನು ನಿಜ ಹೇಳು," ಎಂದರು ಅತ್ತೆ. "ನನ್ನ ಮೇಲಿನ ಕೋಪಕ್ಕಲ್ಲ. ನಿನ್ನ ಮಾವನ ಮರ ಹೋಗ್ಲೇಬೇಕಾ?"

ಇಲ್ಲ ಅನ್ನಲು ನಾಲಿಗೆ ತುದಿಯವರೆಗೆ ಬಂದಿತ್ತು. "ಹೋಗ್ಲೇಬೇಕು ಅತ್ತೆ. ಮಾವನ ಮರ ಚೆನ್ನಾಗಿ ಬೆಳೆದಿದೆ. ಅದೇ ತೊಂದರೆ. ಪಕ್ಕದವೆರಡು ಅದರ ಕೆಳಗೆ ಸಾಯ್ತಾ ಇವೆ."

ಅತ್ತೆ ತಲೆ ಎತ್ತಿ ಮಾವನ ಮರದ ಕಡೆ ನೋಡಿದರು. "ಮಂಚದಲ್ಲೂ ಹಾಗೇ," ಎಂದರು. "ಮುಕ್ಕಾಲು ಜಾಗ ಅವರಿಗೇ ಬೇಕಿತ್ತು."

*

ನಡಿಗೆ ಮುಗಿಸಿದವರು ಕಲ್ಲಿನ ಬೆಂಚುಗಳ ಹತ್ತಿರ ಸೇರುವ ಹೊತ್ತು. ಅಧ್ಯಕ್ಷರು ನಡುವೆ ನಿಂತು, ನಾಳೆ ಎಲ್ಲರೂ ಬಂದು ಕೈ ಕೈ ಹಿಡಿದು ಮರಗಳ ಸುತ್ತ ನಿಲ್ಲಬೇಕು ಎಂದು ಹೇಳುತ್ತಿದ್ದರು. ಅತ್ತೆ ನೇರ ಅವರ ಮುಂದೆ ಹೋಗಿ ನಿಂತರು. ಕತ್ತರಿಯಕ್ಕ ಎರಡು ಹೆಜ್ಜೆ ಹಿಂದೆ.

"ನಾನು ಯಾವ ಮರದ ಹತ್ರ ನಿಲ್ಲಲಿ?" ಎಂದು ಕೇಳಿದರು ಅತ್ತೆ.

"ನಿಮ್ಮ ಯಜಮಾನರ ಮರದ ಹತ್ರ, ಅಮ್ಮಾ."

"ನೀವು?"

ಅಧ್ಯಕ್ಷರು ಅಂಗಿಯ ತೋಳು ಸರಿಮಾಡಿಕೊಂಡರು.

"ಹಳೇದರ ಹತ್ರ ನಿಲ್ತೀರೋ, ಹೊಸದರ ಹತ್ರ ನಿಲ್ತೀರೋ? ಅದು ಗೊತ್ತಾದ್ರೆ ನಾನೂ ಅದರ ಪಕ್ಕ ನಿಲ್ಲಬಹುದು, ಬಿಸಿಲಾದ್ರೂ ತಪ್ಪುತ್ತೆ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಒಬ್ಬರು ಹಳೆಯ ಮರದ ಕಡೆ ಹೋಗಿ ನೋಡಿ ಬಂದರು. "ತಗಡು ಇಲ್ಲ," ಎಂದರು. ಅಷ್ಟೇ ಸಾಕಾಯಿತು.

"ಅಮ್ಮಾ, ಇದು ಭಾವನೆಯ ವಿಷಯ," ಎಂದರು ಅಧ್ಯಕ್ಷರು. ಮುಖ ಕೆಂಪೇರಿತ್ತು.

"ಇರಬಹುದಪ್ಪ. ನಿಮ್ಮ ಭಾವನೆಗೆ ಹೊಸ ತಂತಿ ಸಿಕ್ಕಿತು. ನಮ್ಮ ಭಾವನೆಗೆ ಬಕೆಟ್ಟು, ಬ್ರಷ್ಷು."

"ಅವಳ ಮರ ಬೀಳೋದು ನನ್ನ ಕೈಲಿ ನೋಡೋಕಾಗ್ತಿರ್ಲಿಲ್ಲ." ಇದನ್ನು ಅವರು ಮೆಲ್ಲಗೆ ಹೇಳಿದರು. ಸುಳ್ಳಾಗಿರಲಿಲ್ಲ ಅದು. ಬೆನ್ನು ಮೊದಲ ಸಲ ಬಾಗಿದಂತೆ ಕಂಡಿತು.

"ನನ್ನ ಕೈಲಿ ಆಗುತ್ತೆ ಅಂತ ಯಾರು ಹೇಳಿದ್ರು ನಿಮಗೆ?" ಎಂದರು ಅತ್ತೆ. "ಬಂದು ಹೇಳಿದ್ರೆ ಆಗ್ತಿತ್ತು. ಅಮ್ಮಾ, ಇವು ಹೋಗೋ ಮರಗಳಂತೆ, ತಗಡು ಬಿಚ್ಕೊಳ್ಳೋಣ ಅಂತ. ಎಲ್ಲರೂ ಕೂತು ಒಂದು ದಿನ ಅತ್ತು ಎದ್ದು ಹೋಗ್ತಿದ್ವಿ. ನಾನು ನನ್ನ ಸೊಸೆ ಜೊತೆ ಜಗಳ ಆಡಿದೆ. ಮನೇಲಿ ಮಾತು ಬಿಟ್ಟೆ. ಅದಕ್ಕೆಲ್ಲ ತಂತಿ ಎಲ್ಲಿಂದ ತರ್ತೀರಿ?"

ಕತ್ತರಿಯಕ್ಕನಿಗೆ ಆ ಮನುಷ್ಯನನ್ನು ಎರಡು ಮಾತು ಬೈಯಬೇಕೆಂಬ ಆಸೆಯಿತ್ತು. ಆದರೆ ಅತ್ತೆ ಏನನ್ನೂ ಉಳಿಸಿರಲಿಲ್ಲ. ಹಾಗಾಗಿ ಸೂಪರಿಂಟೆಂಡೆಂಟರನ್ನು ಕರೆದುಕೊಂಡು ಬಂದು, ಸಂಘದವರೆಲ್ಲ ನಿಂತಿರುವಾಗಲೇ ಕೇಳಿದಳು: ಕೆಲಸ ನಡೀಬೇಕಾ, ಬೇಡವಾ. ಒಬ್ಬೊಬ್ಬರೇ ತಲೆ ಆಡಿಸಿದರು. ಕೆಲವರು ಅಳುತ್ತ, ಕೆಲವರು ಅಧ್ಯಕ್ಷರನ್ನು ದುರುಗುಟ್ಟಿ ನೋಡುತ್ತ. ಒಬ್ಬಾಕೆ ಮಾತ್ರ ಒಪ್ಪದೆ ಎದ್ದು ಹೋದಳು. ಅವಳ ಮಗನ ತಗಡು ಇತ್ತು ಅಲ್ಲಿ. ಅವಳನ್ನು ತಡೆದು ನಿಲ್ಲಿಸಲು ಯಾರಿಗೂ, ಕತ್ತರಿಯಕ್ಕನಿಗೂ, ಮನಸ್ಸು ಬರಲಿಲ್ಲ.

*

ಶನಿವಾರ ಬೆಳಗ್ಗೆ ಅವಳು ಮಾವನ ಮರದಿಂದಲೇ ಶುರುಮಾಡಿಸಿದಳು. ಬೇರೆಯವರ ಮರಕ್ಕೆ ಗರಗಸ ಇಡುವ ಮೊದಲು ತನ್ನ ಮನೆಯದ್ದು ಬೀಳಬೇಕು, ಆಗ ಯಾರೂ ಬೆರಳು ತೋರಿಸುವಂತಿಲ್ಲ.

ಅತ್ತೆ ಬರುವುದಿಲ್ಲ ಎಂದಿದ್ದರು. ಮಗನ ವ್ಯಾನಿನಲ್ಲಿ ಬಂದಿಳಿದರು. "ಅವಳಿಗೆ ಹೇಳು, ತಗಡು ನಾನೇ ಬಿಚ್ತೀನಿ ಅಂತ," ಎಂದರು ಮಗನಿಗೆ.

"ಅಮ್ಮಾ, ಅವಳು ಇಲ್ಲೇ ಪಕ್ಕದಲ್ಲಿದ್ದಾಳೆ," ಎಂದ ಅವನು. "ಇನ್ನು ನನ್ನಿಂದ ಆಗಲ್ಲ."

ತಂತಿ ಬಿಚ್ಚಲು ಬರಲಿಲ್ಲ. ಮರ ದಪ್ಪಗಾಗುತ್ತ ಅದನ್ನು ಒಳಕ್ಕೆ ನುಂಗಿತ್ತು, ತುದಿಗಳಷ್ಟೇ ಹೊರಗೆ. ಅತ್ತೆ ಉಗುರು ಹಾಕಿ ಎಳೆದರು, ಮತ್ತೆ ಎಳೆದರು. ಬೆರಳು ಕೆಂಪಾಯಿತು. ಕತ್ತರಿಯಕ್ಕ ಇಕ್ಕಳ ತಂದು ಕೊಟ್ಟಳು. ಅದನ್ನು ಒತ್ತುವ ಬಲ ಆ ಕೈಯಲ್ಲಿ ಇರಲಿಲ್ಲ. ಅತ್ತೆ ಇಕ್ಕಳದ ಒಂದು ಹಿಡಿ ಹಿಡಿದರು, ಸೊಸೆ ಇನ್ನೊಂದು. ಟಪ್ಪೆಂದು ತುಂಡಾಯಿತು. ತಗಡು ಅತ್ತೆಯ ಕೈಗೆ ಬಂತು.

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ, ತಿಳ್ಕೊ," ಎಂದರು ಅತ್ತೆ. "ಹೆಸರಿರೋದು ತಗಡಿನ ಮೇಲೆ ಅಂದೆಯಲ್ಲ, ಅದು ಇನ್ನೂ ಇಲ್ಲೇ ಇದೆ." ಎದೆಯ ಮೇಲೆ ಬೆರಳಿಟ್ಟು ತೋರಿಸಿದರು.

"ಅನ್ನಬಾರದಿತ್ತು," ಎಂದಳು ಕತ್ತರಿಯಕ್ಕ. "ನನ್ನದೂ ಹೋಗಿಲ್ಲ. ನಾನು ಮಾವನಿಗಾಗಿ ಅಳಲಿಲ್ಲ ಅಂತ ಊರಿಗೆಲ್ಲ ಹೇಳಿದ್ದೀರಿ."

"ಅತ್ತಿದ್ದನ್ನ ನೋಡಿದ್ದಿದ್ರೆ ಯಾಕೆ ಹೇಳ್ತಿದ್ದೆ?"

"ಮೇಲೆ ಅಳ್ತಿದ್ದೆ. ಏಣಿ ಮೇಲೆ. ಅಲ್ಲಿ ಯಾರೂ ಬರಲ್ಲ."

ಅತ್ತೆ ಅವಳನ್ನು ನೋಡಿದರು. ಆಮೇಲೆ ಬೆಂಚಿನ ಕಡೆ ನಡೆದರು.

ಮರವನ್ನು ಒಂದೇ ಏಟಿಗೆ ಬೀಳಿಸುವಂತಿರಲಿಲ್ಲ. ಎರಡು ನಿಲ್ಲುವ ಮರಗಳ ನಡುವೆ, ಅವುಗಳ ಒಂದು ಕೊಂಬೆಯೂ ಮುರಿಯದ ಹಾಗೆ, ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸಬೇಕು. ಮರ ಹತ್ತುವವನು ನೆತ್ತಿಯಲ್ಲಿ ನಿಂತು ಮೋಟಾರು ಗರಗಸ ಚಾಲೂ ಮಾಡಿದ. ಕೆಳಗೆ ಕತ್ತರಿಯಕ್ಕ ಹಗ್ಗ ಹಿಡಿದಿದ್ದಳು, ಹಿಂದೆ ತಂಡದ ಆಳುಗಳು. ಮೊದಲ ಕೊಂಬೆ ಇಳಿಯಿತು, ಎರಡನೆಯದು ಇಳಿಯಿತು. ಮೂರನೆಯದು ತಿರುಗಿ ಎಡಗಡೆಯ ಮರಕ್ಕೆ ಬಡಿಯಿತು.

"ಕಣ್ಣು ಎಲ್ಲಿಟ್ಟಿದ್ದೀಯೋ?" ಎಂದು ಕತ್ತರಿಯಕ್ಕ ಕೂಗುವ ಮೊದಲೇ ಬೆಂಚಿನಿಂದ ಅತ್ತೆ ಕೂಗಿದರು. "ಅದನ್ನ ಉಳಿಸೋಕೆ ತಾನೇ ಇದನ್ನ ಕಡೀತಿರೋದು. ನೋಡ್ಕೊಂಡು ಇಳಿಸೋ."

"ಬಲಕ್ಕೆ ಎಳಿ," ಎಂದಳು ಕತ್ತರಿಯಕ್ಕ.

"ಬಲಕ್ಕಲ್ಲ, ಮೊದಲು ಆ ಚಿಕ್ಕದನ್ನ ಬಿಡಿಸಿಕೊಳ್ಳಲಿ."

"ಯಾರಾದ್ರೂ ಒಬ್ಬರು ಹೇಳಿ," ಎಂದು ಮೇಲಿನಿಂದ ಅವನು ಗೋಗರೆದ. "ನಾನು ಯಾರ ಮಾತು ಕೇಳ್ಲಿ?"

ಮದುವೆಯಾದ ದಿನದಿಂದ ತನಗೂ ಇದೇ ಪ್ರಶ್ನೆ ಎಂಬಂತೆ ವ್ಯಾನಿಗೆ ಒರಗಿ ನಿಂತಿದ್ದ ಗಂಡ ಮೊದಲ ಸಲ ನಕ್ಕ.

ಕೊನೆಯ ತುಂಡು ಇಳಿದು ಬುಡ ಉಳಿಯುವ ಹೊತ್ತಿಗೆ ಬಿಸಿಲು ಏರಿತ್ತು. ಆ ಒಂದು ಜಾಗದಲ್ಲಿ ದಾರಿಯ ಮೇಲೆ ಬೆಳಕು ಬಿತ್ತು. ಎಷ್ಟೋ ವರ್ಷಗಳ ಮೇಲೆ ಬಿದ್ದ ಬೆಳಕು ಪಾಚಿಯ ಮೇಲೆ ಅಸಹ್ಯವಾಗಿ ಕಾಣುತ್ತಿತ್ತು. ಎರಡು ಬದಿಯ ನಿಲ್ಲುವ ಮರಗಳೂ ಒಂದು ಮಗ್ಗುಲು ಪೂರ್ತಿ ಬೋಳು, ಒತ್ತರಿಸಿ ಮಲಗಿದ ಮಗುವಿನ ತಲೆಯಂತೆ ಒಂದು ಕಡೆ ಚಪ್ಪಟೆ. ತುಂಬಿಕೊಳ್ಳಲು ಹಲವು ಮಳೆಗಾಲ ಬೇಕು. ತುಂಬಿಕೊಳ್ಳುತ್ತವೆ ಎಂಬ ಖಾತರಿಯೂ ಇಲ್ಲ. ಹೊತ್ತಿಗೆ ಸರಿಯಾಗಿ ತೆಗೆದಿದ್ದರೆ ಎಂಬ ಮಾತು ಕತ್ತರಿಯಕ್ಕನ ಬಾಯಿಗೆ ಬಂತು. ಅದನ್ನು ಯಾರ ತಲೆಗೆ ಎಸೆಯುವುದೆಂದು ಸುತ್ತ ನೋಡಿದಳು. ಸೂಪರಿಂಟೆಂಡೆಂಟರು ಬಂದಿರಲಿಲ್ಲ. ಅಧ್ಯಕ್ಷರು ದೂರದ ಗೇಟಿನ ಹತ್ತಿರ ಬಂದು, ನಿಂತು, ಹಾಗೇ ತಿರುಗಿ ಹೋಗಿದ್ದರು.

ಅವಳು ಬೆಂಚಿಗೆ ಬಂದಳು. ತಗಡು ಅತ್ತೆಯ ಮಡಿಲಲ್ಲಿತ್ತು.

"ಕೊಡಿ ಅತ್ತೆ. ಈ ಎಡಗಡೆಯದಕ್ಕೆ ಕಟ್ತೀನಿ. ತಂತಿ ಬೇಡ, ಸಡಿಲವಾಗಿ ಹಗ್ಗದಲ್ಲಿ."

ಅತ್ತೆ ಎಡಗಡೆಯ ಮರವನ್ನು ನೋಡಿದರು, ಬಲಗಡೆಯದನ್ನೂ ನೋಡಿದರು. ಸೆರಗಿನ ತುದಿಯಿಂದ ತಗಡನ್ನು ಒರೆಸಿದರು. ಒಂದು ಮೂಲೆಯ ತುಕ್ಕು ಹೋಗಲಿಲ್ಲ.

"ಬೇಡ," ಎಂದರು. "ಅವರನ್ನ ಇನ್ನು ಎಲ್ಲೂ ಕಟ್ಟಿಹಾಕೋದು ಬೇಡ." ತಗಡನ್ನು ಬಟ್ಟೆಯ ಚೀಲದೊಳಗೆ, ನೀರಿನ ಬಾಟಲಿಯ ಪಕ್ಕಕ್ಕೆ ಇಟ್ಟುಕೊಂಡರು. ಸೊಸೆ ಇನ್ನೂ ನಿಂತೇ ಇದ್ದಳು.

"ನನ್ನ ಮುಖ ಏನು ನೋಡ್ತೀಯ. ಆಳುಗಳು ಸುಮ್ಮನೆ ನಿಂತಿದ್ದಾರೆ, ಮುಂದಿನದಕ್ಕೆ ಹೋಗು."

ಕತ್ತರಿಯಕ್ಕ ಹಗ್ಗವನ್ನು ಹೆಗಲಿಗೇರಿಸಿಕೊಂಡು ಮುಂದಿನ ಮರದ ಕಡೆ ನಡೆದಳು.